ಕಟ್ಟಳೆಗೆ ಅಕ್ಕರೆಯೇ ಅಳತೆಗೋಲು

ಮಣಿಪಾಲಕ್ಕೆ ಓದಲು ಬಂದ ಪರವೂರಿನ ಮಕ್ಕಳು, ಉಡುಪಿಗೆ ವರ್ಗವಾಗಿ ಬಂದ ಬ್ಯಾಂಕು, ಶಾಲೆಗಳ ನೌಕರರು, ಕ್ರೈಸ್ತರ ಮನೆಗೆ ಸೊಸೆಯಾಗಿ ಅಳಿಯನಾಗಿ ಬಂದವರು ಧರ್ಮಶಿಕ್ಷಣ ಕಲಿಸುವವರ ಹತ್ತಿರ ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ನಿಮ್ಮಲ್ಲಿ ಏನೇನು ಮಾಡಬೇಕು, ಏನೇನು ಮಾಡಬಾರದು?" ಪ್ರಶ್ನೆ ಸಹಜವಾದದ್ದೇ. ಹೊರಗಿನಿಂದ ನೋಡುವವರಿಗೆ ಯಾವ ಧರ್ಮವಾದರೂ ಮೊದಲು ಕಾಣಿಸುವುದು ಕಟ್ಟಳೆಗಳ ರೂಪದಲ್ಲೇ. ಭಾನುವಾರ ಪೂಜೆಗೆ ಹೋಗಬೇಕು, ತಪಸ್ಸು ಕಾಲದ ಶುಕ್ರವಾರ ಮಾಂಸ ಮುಟ್ಟಬಾರದು, ಶುಭ ಶುಕ್ರವಾರ ಉಪವಾಸ ಇರಬೇಕು, ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕು. ಪಟ್ಟಿ ಬರೆದುಕೊಟ್ಟರೆ ಒಂದು ಹಾಳೆ ಸಾಕು.

ಆದರೆ ಆ ಹಾಳೆಯನ್ನು ಬಾಯಿಪಾಠ ಮಾಡಿದವರಿಗೆ ಕ್ರೈಸ್ತ ವಿಶ್ವಾಸ ಅರ್ಥವಾಯಿತು ಎಂದು ಹೇಳುವಂತಿಲ್ಲ. ಅದಕ್ಕೇ ಈ ಪರಿಚಯವನ್ನು ಪಟ್ಟಿಯಿಂದ ಶುರು ಮಾಡದೆ, ಪಟ್ಟಿಯನ್ನು ಅಳೆಯುವ ಕೋಲಿನಿಂದ ಶುರು ಮಾಡೋಣ. ಉದಾಹರಣೆಗಳಿಗೆ ರೋಮಿಗೋ ಜೆರುಸಲೇಮಿಗೋ ಪದೇಪದೇ ಓಡಬೇಕಾಗಿಲ್ಲ. ಕಾರ್ಕಳ, ಕಾಪು, ಉಡುಪಿ, ಮಣಿಪಾಲದ ಸುತ್ತಮುತ್ತಲೇ ಬೇಕಾದಷ್ಟಿವೆ.

ಯೇಸು ಕೊಟ್ಟ ಉತ್ತರ

ಯೇಸು ಹುಟ್ಟಿ ಬೆಳೆದದ್ದು ಯೆಹೂದಿ ಸಮಾಜದಲ್ಲಿ. ಯೆಹೂದಿ ಪಂಡಿತರ ಎಣಿಕೆಯಂತೆ ಮೋಶೆಯ ಧರ್ಮಶಾಸ್ತ್ರದಲ್ಲಿರುವ ಆಜ್ಞೆಗಳು 613. ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಎಂದು ಒಬ್ಬ ಶಾಸ್ತ್ರಜ್ಞ ಯೇಸುವನ್ನು ಪರೀಕ್ಷಿಸಲು ಕೇಳುತ್ತಾನೆ. ಯೇಸು ಎರಡನ್ನು ಆರಿಸುತ್ತಾರೆ: ದೇವರನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸುವುದು, ನೆರೆಯವರನ್ನು ತನ್ನಂತೆಯೇ ಪ್ರೀತಿಸುವುದು. ಉಳಿದ ಧರ್ಮಶಾಸ್ತ್ರವೆಲ್ಲ ಈ ಎರಡರ ಮೇಲೆ ನಿಂತಿದೆ ಎನ್ನುತ್ತಾರೆ. ಮತ್ತಾಯನ ಸುವಾರ್ತೆಯ 22ನೇ ಅಧ್ಯಾಯದಲ್ಲಿ ಈ ಸಂಗತಿ ಇದೆ.

ಇಲ್ಲಿ ಹೊಸಬರು ಒಂದು ವಿಷಯ ಗಮನಿಸಬೇಕು. ಈ ಎರಡೂ ಯೇಸು ಹೊಸದಾಗಿ ಹುಟ್ಟುಹಾಕಿದ ಆಜ್ಞೆಗಳಲ್ಲ. ಮೊದಲನೆಯದು ಧರ್ಮೋಪದೇಶಕಾಂಡದಲ್ಲೂ ಎರಡನೆಯದು ಯಾಜಕಕಾಂಡದಲ್ಲೂ ಮೊದಲೇ ಇದ್ದವು. ಪ್ರಾಣ ಉಳಿಸುವ ಕೆಲಸ ಬಂದರೆ ಸಬ್ಬತ್ತಿನ ವಿಶ್ರಾಂತಿಯ ನಿಯಮವನ್ನು ಬದಿಗಿಡಬಹುದು ಎಂದು ಯೆಹೂದಿ ಗುರುಗಳೂ ಬೋಧಿಸುತ್ತಾರೆ. ಹಾಗಾಗಿ "ಯೆಹೂದಿಗಳದ್ದು ಒಣ ನಿಯಮ, ಕ್ರೈಸ್ತರದ್ದು ಪ್ರೀತಿ" ಎಂದು ಗೆರೆ ಎಳೆಯುವುದು ಅನ್ಯಾಯ. ಜಗಳ ಇದ್ದದ್ದು ಎರಡು ಧರ್ಮಗಳ ನಡುವೆ ಅಲ್ಲ. ನಿಯಮವನ್ನು ಮನುಷ್ಯನಿಗಾಗಿ ಬಳಸುವವರು, ನಿಯಮಕ್ಕಾಗಿ ಮನುಷ್ಯನನ್ನು ಬಲಿಕೊಡುವವರು, ಇವರಿಬ್ಬರ ನಡುವೆ. ಎರಡನೆಯ ಬಗೆಯವರು ಎಲ್ಲ ಧರ್ಮಗಳಲ್ಲೂ ಇದ್ದಾರೆ, ನಮ್ಮ ಇಗರ್ಜಿಗಳಲ್ಲೂ ಇದ್ದಾರೆ.

ನೆರೆಯವರು ಎಂದರೆ ಯಾರು ಎಂಬ ಪ್ರಶ್ನೆಗೆ ಯೇಸು ಹೇಳಿದ್ದು ಸಮಾರ್ಯದವನ ಕಥೆ. ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಬಿಸಾಡಿದ್ದಾರೆ. ಯಾಜಕನೊಬ್ಬ ನೋಡಿಕೊಂಡು ಆಚೆ ಬದಿಯಿಂದ ಹೋಗುತ್ತಾನೆ, ದೇವಾಲಯದ ಸೇವಕನೂ ಹಾಗೆಯೇ ಮಾಡುತ್ತಾನೆ. ಯೆಹೂದಿಗಳು ಹತ್ತಿರ ಸೇರಿಸದ ಸಮಾರ್ಯದವನೊಬ್ಬ ನಿಲ್ಲುತ್ತಾನೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟುತ್ತಾನೆ, ತನ್ನ ಪ್ರಾಣಿಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಒಯ್ಯುತ್ತಾನೆ, ಮಾಲೀಕನ ಕೈಗೆ ಎರಡು ದಿನಾರಿ ಕೊಟ್ಟು, ಖರ್ಚು ಹೆಚ್ಚಾದರೆ ವಾಪಸು ಬರುವಾಗ ತೀರಿಸುತ್ತೇನೆ ಎನ್ನುತ್ತಾನೆ. ಕಥೆಯಲ್ಲಿ ಎಣ್ಣೆಗೂ ಹಣಕ್ಕೂ ಇಷ್ಟು ಜಾಗ ಕೊಟ್ಟಿರುವುದನ್ನು ನೋಡಿ. ಕ್ರೈಸ್ತರು ಪ್ರೀತಿ ಎಂದು ಹೇಳುವಾಗ ಅದರಲ್ಲಿ ಕೈಯ ಕೆಲಸವೂ ಕಿಸೆಯ ಖರ್ಚೂ ಸೇರಿರುತ್ತದೆ.

ಈ ಕಥೆ ನಮ್ಮ ದೇಶದ ಕಾನೂನಿನೊಳಗೂ ಬಂದು ಕೂತಿದೆ. ರಸ್ತೆ ಅಪಘಾತದಲ್ಲಿ ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸುವವರಿಗೆ ಪೊಲೀಸ್, ಕೋರ್ಟು ಎಂದು ಕಿರುಕುಳ ಆಗಬಾರದು ಎಂಬ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟು 2016ರಲ್ಲಿ ಬಲ ಕೊಟ್ಟಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅದನ್ನು 134ಎ ಕಲಮಿನಲ್ಲಿ ಸೇರಿಸಿತು. ಹಾಗೆ ನೆರವಾಗುವವರನ್ನು ಆ ಕಾಯ್ದೆ ಕರೆಯುವುದು 'ಗುಡ್ ಸಮಾರಿಟನ್' ಎಂದೇ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾಪು, ಕಟಪಾಡಿ ದಾಟಿ ಹೋಗುವಾಗ ಬಿದ್ದವರನ್ನು ಎತ್ತಿ ರಿಕ್ಷಾಕ್ಕೆ ಹಾಕುವ ಯಾರೇ ಆಗಲಿ, ಯಾವ ಜಾತಿ ಧರ್ಮದವರೇ ಆಗಲಿ, ಯೇಸು ಹೇಳಿದ ಅರ್ಥದಲ್ಲಿ ಅವರು ದೊಡ್ಡ ಆಜ್ಞೆಯನ್ನು ಪಾಲಿಸಿದವರು.

ಅತ್ತೂರಿನ ಸಂತನ ಖಜಾನೆ

ಕಾರ್ಕಳ ಎಂದರೆ ಗೊಮ್ಮಟ, ಚತುರ್ಮುಖ ಬಸದಿ, ಅನಂತಶಯನ, ಹಾಗೆಯೇ ಅತ್ತೂರು. ಅಲ್ಲಿನ ಸಂತ ಲಾರೆನ್ಸರ ಇಗರ್ಜಿಯ ಮೂಲ 1759ರದ್ದು. 2016ರಲ್ಲಿ ಅದಕ್ಕೆ ಬಸಿಲಿಕ ಎಂಬ ಮಾನ್ಯತೆ ಸಿಕ್ಕಿತು. ಜನವರಿಯಲ್ಲಿ ನಡೆಯುವ ಸಾಂತ್‌ಮಾರಿ ಎಂಬ ವಾರ್ಷಿಕ ಹಬ್ಬಕ್ಕೆ ಜಿಲ್ಲೆಯ ಮೂಲೆಮೂಲೆಗಳಿಂದ, ಹೊರಜಿಲ್ಲೆಗಳಿಂದ ಎಲ್ಲ ಧರ್ಮದವರೂ ಬರುತ್ತಾರೆ. ಮೊಂಬತ್ತಿ ಹಚ್ಚುತ್ತಾರೆ, ಹರಕೆ ಒಪ್ಪಿಸುತ್ತಾರೆ, ಸಂತೆಯಲ್ಲಿ ಮಿಠಾಯಿ ಕೊಳ್ಳುತ್ತಾರೆ. ಆದರೆ ಈ ಲಾರೆನ್ಸ್ ಯಾರು ಎಂದು ಕೇಳಿದರೆ ಹರಕೆ ಹೊತ್ತವರಲ್ಲೂ ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ.

ಲಾರೆನ್ಸ್ ಮೂರನೇ ಶತಮಾನದ ರೋಮಿನ ಸಭೆಯಲ್ಲಿ ಧರ್ಮಸೇವಕರಾಗಿದ್ದವರು. ಸಭೆಯ ಹಣಕಾಸು ನೋಡಿಕೊಳ್ಳುವುದು, ಬಡವರಿಗೆ ಹಂಚುವುದು ಅವರ ಪಾಲಿನ ಕೆಲಸ. 258ರಲ್ಲಿ ವಲೇರಿಯನ್ ಚಕ್ರವರ್ತಿಯ ಕಾಲದ ಹಿಂಸಾಚಾರದಲ್ಲಿ ಅವರನ್ನು ಹಿಡಿದರು. ಪರಂಪರೆ ಹೇಳುವ ಪ್ರಕಾರ, ಇಗರ್ಜಿಯ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ಅಧಿಕಾರಿ ಅಪ್ಪಣೆ ಮಾಡಿದ. ಲಾರೆನ್ಸ್ ಸಮಯ ಕೇಳಿಕೊಂಡು, ಇದ್ದದ್ದನ್ನೆಲ್ಲ ಹಂಚಿ ಮುಗಿಸಿ, ಕುರುಡರು, ಕುಂಟರು, ವಿಧವೆಯರು, ಅನಾಥರನ್ನು ಸಾಲಾಗಿ ತಂದು ನಿಲ್ಲಿಸಿ, ನಮ್ಮ ಸಂಪತ್ತು ಇವರೇ ಎಂದು ತೋರಿಸಿದರು. ಆ ಉತ್ತರಕ್ಕೆ ಪ್ರಾಣ ತೆತ್ತರು.

ಸಾಂತ್‌ಮಾರಿಯ ದಿನ ಅತ್ತೂರಿನ ದಾರಿಯ ಬದಿಯಲ್ಲಿ ಕೈಚಾಚಿ ಕೂತವರ ಸಾಲು ಕಾಣುತ್ತದೆ. ಕೆಲವರಿಗೆ ಅದು ಮುಜುಗರ, ಇನ್ನು ಕೆಲವರಿಗೆ ಚಿಲ್ಲರೆ ಹಾಕಿ ದಾಟುವ ಜಾಗ. ಸಂತ ಲಾರೆನ್ಸರ ಲೆಕ್ಕದಲ್ಲಿ ಖಜಾನೆ ಇರುವುದು ಆ ಸಾಲಿನಲ್ಲೇ. ಒಳಗೆ ಹರಕೆಯ ಮೊಂಬತ್ತಿಯನ್ನು ತಪ್ಪದೆ ಹಚ್ಚಿ, ಹೊರಗೆ ಕೂತವರ ಮುಖವನ್ನೇ ನೋಡದೆ ಬಂದರೆ ಸಂತನ ಹೆಸರು ನಮಗೆ ಗೊತ್ತು, ಸಂತ ಗೊತ್ತಿಲ್ಲ.

ಕಟ್ಟಳೆ ಗಾಯ ಮಾಡಿದ ಕಾಲ

ಕರಾವಳಿಯ ಕೊಂಕಣಿ ಕ್ರೈಸ್ತರ ಹಿರಿಯರು ಬಹುಪಾಲು ಗೋವೆಯಿಂದ ಬಂದವರು. ಬಂದ ಕಾರಣಗಳು ಹಲವು: ಯುದ್ಧ, ತೆರಿಗೆ, ಕ್ಷಾಮ. ಅವುಗಳ ಜೊತೆಗೆ ಗೋವೆಯ ಇನ್‌ಕ್ವಿಸಿಶನ್ ಎಂಬ ಧರ್ಮವಿಚಾರಣೆಯೂ ಇತ್ತು. 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಅದು ನಡೆಯಿತು. 1736ರ ಅದರ ಶಾಸನವೊಂದು ಸ್ಥಳೀಯ ಕ್ರೈಸ್ತರು ಏನೇನು ಮಾಡಬಾರದು ಎಂದು ಉದ್ದ ಪಟ್ಟಿಯನ್ನೇ ಕೊಟ್ಟಿತು. ಅಂಗಳದಲ್ಲಿ ತುಳಸಿ ನೆಡಬಾರದು, ಉಪ್ಪು ಹಾಕದೆ ಅನ್ನ ಮಾಡಬಾರದು, ಗಂಡಸರು ಧೋತರ, ಹೆಂಗಸರು ಚೋಲಿ ತೊಡಬಾರದು, ಮದುವೆಯ ವೀಳ್ಯ ಅಡಿಕೆಯ ಪದ್ಧತಿಗಳು ಕೂಡದು. ಅನ್ನಕ್ಕೆ ಉಪ್ಪು ಹಾಕಿದರೋ ಇಲ್ಲವೋ ಎಂಬುದು ಧರ್ಮದ ಪರೀಕ್ಷೆಯಾಗಿಬಿಟ್ಟಿತ್ತು. ನೆರೆಯವರನ್ನು ಪ್ರೀತಿಸಿ ಎಂದ ಗುರುವಿನ ಹೆಸರಿನಲ್ಲೇ, ನೆರೆಯವರು ಒಬ್ಬರ ಅಡುಗೆಮನೆಯನ್ನು ಇನ್ನೊಬ್ಬರು ಅನುಮಾನದಿಂದ ಇಣುಕುವ ಕಾಲ ಬಂತು.

ಪ್ರೀತಿಯನ್ನು ಕಳೆದುಕೊಂಡ ನಿಯಮ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದಕ್ಕೆ ಕ್ರೈಸ್ತರು ಬೇರೆಯವರ ಚರಿತ್ರೆಯಲ್ಲಿ ಉದಾಹರಣೆ ಹುಡುಕಬೇಕಾಗಿಲ್ಲ. ಇದನ್ನು ಮಕ್ಕಳಿಗೆ ಮುಚ್ಚಿಡುವುದೂ ತಪ್ಪು. ಸಂತೋಷದ ಸಂಗತಿ ಏನೆಂದರೆ, ಇಲ್ಲಿಗೆ ಬಂದವರು ಮದುವೆಯ ಮುನ್ನಾ ದಿನ ತೆಂಗಿನ ಹಾಲು ಹಚ್ಚುವ 'ರೋಸ್' ಶಾಸ್ತ್ರವನ್ನೂ ಹೊಸ ತೆನೆಯ ಹಬ್ಬವನ್ನೂ ಬಿಡದೆ ಉಳಿಸಿಕೊಂಡರು.

ಶೇಂದಿ, ಹೆಂಚು, ಆಸ್ಪತ್ರೆ

ಪ್ರೊಟೆಸ್ಟಂಟ್ ಶಾಖೆಯ ಕಥೆಯಲ್ಲೂ ಇದೇ ತಿಕ್ಕಾಟವಿದೆ. 1834ರ ಅಕ್ಟೋಬರಿನಲ್ಲಿ ಬಾಸೆಲ್ ಮಿಷನ್ನಿನ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದಿಳಿದರು. ಮಿಷನ್ನಿನ ಶಿಸ್ತು ಕಟ್ಟುನಿಟ್ಟು. ಸಭೆಗೆ ಸೇರಿದವರು ದೈವಗಳ ಕೋಲಕ್ಕೆ ಹೋಗುವಂತಿಲ್ಲ, ಕುಡಿಯುವಂತಿಲ್ಲ, ಶೇಂದಿ ಇಳಿಸುವ ಕಸುಬು ಮಾಡುವಂತಿಲ್ಲ. ತಪ್ಪಿದರೆ ಸಭೆಯಿಂದ ಹೊರಗೆ. ಆದರೆ ಶೇಂದಿ ಇಳಿಸಿಯೇ ಬದುಕುತ್ತಿದ್ದ ಬಿಲ್ಲವರ ಮನೆಯವನು ಆ ಕಸುಬು ಬಿಟ್ಟರೆ ಮಾರನೇ ದಿನ ಒಲೆ ಉರಿಯುವುದು ಹೇಗೆ? ಜಾತಿಯ ಆಸರೆ ತಪ್ಪಿತು, ಒಕ್ಕಲಿನ ಭೂಮಿಯೂ ಹೋಯಿತು ಎಂದರೆ ಹೆಂಡತಿ ಮಕ್ಕಳ ಗತಿಯೇನು?

ಈ ಪ್ರಶ್ನೆಗೆ ಉತ್ತರ ಕೊಡಲು ನಿಯಮದ ಪುಸ್ತಕ ಸಾಲದಾಯಿತು. ಮಿಷನ್ ನೇಯ್ಗೆಯ ಮಗ್ಗಗಳನ್ನು ಹಾಕಿತು, ಮುದ್ರಣಾಲಯ ನಡೆಸಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಮುಂದೆ ಉಡುಪಿಯ ಮಗ್ಗುಲಿನ ಮಲ್ಪೆಯಲ್ಲೂ ಮಿಷನ್ನಿನ ಕಾರ್ಖಾನೆ ಬಂತು. ಕಾರ್ಖಾನೆಗೂ ಅದರದ್ದೇ ಗಂಟೆ, ಹಾಜರಿ, ಲಾಭನಷ್ಟ ಇದ್ದವು. ಅದನ್ನು ಪರಿಶುದ್ಧ ಕರುಣೆ ಎಂದು ಹೊಗಳಬೇಕಾಗಿಲ್ಲ. ಆದರೂ ಅದರಿಂದ ಕಲಿಯಬೇಕಾದ ಪಾಠ ಇದೆ. 'ಬಿಡು' ಎಂದು ಹೇಳುವವರು, ಬಿಟ್ಟವನ ಮುಂದಿನ ಊಟದ ಹೊಣೆಯನ್ನೂ ಹೊರಬೇಕು. ಹೊಣೆ ಹೊರದೆ ಬರೀ ನಿಷೇಧ ಹೇರುವುದು ಸುಲಭ, ಅದಕ್ಕೆ ಪ್ರೀತಿಯೇ ಬೇಡ.

ಉಡುಪಿಯ 'ಮಿಷನ್ ಆಸ್ಪತ್ರೆ' ಗೊತ್ತಿಲ್ಲದವರಿಲ್ಲ. ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ ಎಂಬುದು ಅದರ ಪೂರ್ಣ ಹೆಸರು. ಸ್ವಿಜರ್ಲೆಂಡಿನ ವೈದ್ಯೆ ಡಾ. ಇವಾ ಲೊಂಬಾರ್ಡ್ 1923ರಲ್ಲಿ ಅದನ್ನು ಆರಂಭಿಸಿದರು. ಈ ಭಾಗದ ಎಷ್ಟೋ ಮನೆಗಳ ಅಜ್ಜಿ, ಮಗಳು, ಮೊಮ್ಮಗಳು ಮೂರೂ ತಲೆಮಾರಿನ ಹೆರಿಗೆ ಅಲ್ಲೇ ಆಗಿದೆ. ಹೆರಿಗೆ ನೋವಿನಲ್ಲಿ ಬಂದವಳ ಧರ್ಮ ಯಾವುದು ಎಂಬುದು ಕೇಸ್‌ಶೀಟಿನ ಪ್ರಶ್ನೆಯಾಗಬಹುದು, ಆರೈಕೆಯ ಪ್ರಶ್ನೆಯಾಗಲಾರದು. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯೇಸು ಕೊನೆಯ ತೀರ್ಪಿನ ಚಿತ್ರ ಕೊಡುವಾಗ ಕೇಳುವ ಪ್ರಶ್ನೆಗಳೂ ಇದೇ ಜಾತಿಯವು: ಹಸಿದವರಿಗೆ ಉಣಿಸಿದೆಯಾ, ರೋಗಿಯನ್ನು ನೋಡಿಕೊಂಡೆಯಾ, ಪರದೇಶಿಗೆ ಜಾಗ ಕೊಟ್ಟೆಯಾ. ಎಷ್ಟು ಉಪವಾಸ ಮಾಡಿದೆ ಎಂಬ ಪ್ರಶ್ನೆ ಆ ಚಿತ್ರದಲ್ಲಿ ಇಲ್ಲ.

ಕಥೋಲಿಕರಿಗೂ ಪ್ರೊಟೆಸ್ಟಂಟರಿಗೂ ವಿಶ್ವಾಸ, ಸತ್ಕಾರ್ಯ ಎಂಬ ಎರಡರ ಕುರಿತು 16ನೇ ಶತಮಾನದಿಂದ ದೊಡ್ಡ ವಾದವಿತ್ತು. 1999ರಲ್ಲಿ ಕಥೋಲಿಕ ಸಭೆ ಮತ್ತು ಲೂಥರನ್ ಒಕ್ಕೂಟ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದವು. ಅದರ ಸಾರ ಹೊಸಬರಿಗೆ ಇಷ್ಟು: ಒಳ್ಳೆಯ ಕೆಲಸ ಮಾಡಿ ದೇವರ ಕೃಪೆಯನ್ನು ಸಂಪಾದಿಸಲು ಬರುವುದಿಲ್ಲ, ಅದು ದೇವರು ತಾನಾಗಿ ಕೊಡುವಂಥದ್ದು, ಅದು ಸಿಕ್ಕಿದವನ ಬದುಕಿನಲ್ಲಿ ಪ್ರೀತಿಯ ಕೆಲಸ ಕಾಣಿಸಿಕೊಳ್ಳಲೇಬೇಕು.

ಹಾಗಾದರೆ ನಿಯಮವೇ ಬೇಡವೇ?

ಬೇಕು. ಇಲ್ಲಿಯೇ ಹೊಸಬರು ಎಡವುವುದು. ಪ್ರೀತಿ ಇದ್ದರೆ ಸಾಕು, ಪೂಜೆ ಪ್ರಾರ್ಥನೆ ಯಾಕೆ ಎಂದು ವಾದಿಸುವವರನ್ನು ಗಮನಿಸಿ. ಹೆಚ್ಚಿನ ಸಲ ಪೂಜೆಯೂ ಇರುವುದಿಲ್ಲ, ಪ್ರೀತಿಯ ಕೆಲಸವೂ ಇರುವುದಿಲ್ಲ. ಗಿಡಕ್ಕೆ ಊರುಗೋಲು ಹೇಗೋ ಪ್ರೀತಿಗೆ ನಿಯಮ ಹಾಗೆ. ಕೋಲನ್ನೇ ನೆಟ್ಟು ಹೂ ಬರಲಿ ಎಂದು ಕಾಯುವುದೂ ತಪ್ಪು, ಕೋಲು ಕಿತ್ತು ಬಳ್ಳಿಯನ್ನು ನೆಲಕ್ಕೆ ಬಿಡುವುದೂ ತಪ್ಪು.

ಮೊಂತಿ ಹಬ್ಬವನ್ನೇ ಹತ್ತಿರದಿಂದ ನೋಡಿ. ಸೆಪ್ಟೆಂಬರ್ 8 ಮರಿಯಮ್ಮನವರ ಜನ್ಮದಿನ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂ ತಂದು ಅರ್ಪಿಸುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತರುತ್ತಾರೆ. ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಪ್ರಾರ್ಥನೆ ಮಾಡಿ, ಮನೆಯ ಹಿರಿಯರು ಒಬ್ಬೊಬ್ಬರಿಗೂ ಕೊಡುತ್ತಾರೆ. ಅಂದು ಮೀನು ಮಾಂಸ ಇಲ್ಲ. ತರಕಾರಿ ಪದಾರ್ಥ ಮೂರು, ಐದು, ಏಳು ಎಂದು ಬೆಸ ಸಂಖ್ಯೆಯಲ್ಲೇ ಇರಬೇಕು. ಬಾಳೆಲೆಯ ಮೇಲೆ ಊಟ. ಇಷ್ಟೂ ಕಟ್ಟಳೆಗಳೇ. ಆದರೆ ಇವು ಮಾಡುವ ಕೆಲಸ ಏನು? ವರ್ಷವಿಡೀ ಚದುರಿದವರನ್ನು ಒಂದೇ ಸಾಲಿನಲ್ಲಿ ಕೂರಿಸುತ್ತವೆ. ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವ ಮಗನಿಗೆಂದು ನಾಲ್ಕು ಕಾಳು ತೆಗೆದಿಟ್ಟು ಕಳಿಸುವ ಪದ್ಧತಿ ಎಷ್ಟೋ ಮನೆಗಳಲ್ಲಿತ್ತು. ಮಾತು ಬಿಟ್ಟ ಅಣ್ಣತಮ್ಮಂದಿರು ಆ ಒಂದು ದಿನ ಒಂದೇ ಪಾತ್ರೆಯ ಪಾಯಸ ಉಣ್ಣಬೇಕಾಗುತ್ತದೆ. ಪದಾರ್ಥ ಆರೇ ಆಯಿತಲ್ಲ, ಏಳು ಆಗಲಿಲ್ಲ ಎಂದು ಸೊಸೆಯನ್ನು ಕಣ್ಣೀರು ಹಾಕಿಸಿದರೆ ಮಾತ್ರ ಹಬ್ಬ ಕೆಟ್ಟಿತು.

ಸಭೆಯ ಕಾನೂನೇ ಈ ಮಾತನ್ನು ಒಪ್ಪುತ್ತದೆ. ಭಾನುವಾರದ ಪೂಜೆ ಕಥೋಲಿಕರಿಗೆ ಕಡ್ಡಾಯ. ಆದರೆ ಕಾಯಿಲೆಯವರಿಗೆ, ಕೂಸನ್ನು ನೋಡಿಕೊಳ್ಳುವ ತಾಯಿಗೆ ಆ ಕಡ್ಡಾಯವಿಲ್ಲ. ಉಪವಾಸದ ನಿಯಮ 18 ತುಂಬಿದವರಿಂದ 59ರವರೆಗಿನವರಿಗೆ ಮಾತ್ರ. ಮಣಿಪಾಲದ ಆಸ್ಪತ್ರೆಯಲ್ಲಿ ಅಪ್ಪನ ಹಾಸಿಗೆಯ ಪಕ್ಕ ಕೂತು, ಡ್ರಿಪ್ಪು ಮುಗಿಯಿತೇ ಎಂದು ನೋಡುತ್ತಾ ಭಾನುವಾರ ಕಳೆದ ಮಗಳು ಪೂಜೆ ತಪ್ಪಿಸಿದ ಪಾಪಕ್ಕಾಗಿ ಕೊರಗಬೇಕಾಗಿಲ್ಲ. 1983ರ ಕಥೋಲಿಕ ಧರ್ಮಸಂಹಿತೆಯಲ್ಲಿ 1,752 ವಿಧಿಗಳಿವೆ. ಕೊನೆಯ ವಿಧಿ ಹೇಳಹೊರಟದ್ದು ಧರ್ಮಗುರುಗಳ ವರ್ಗಾವಣೆಯ ಕ್ರಮವನ್ನು. ಅಂಥ ಆಡಳಿತದ ಮಾತನ್ನು ಮುಗಿಸುವಾಗಲೂ ಆ ವಿಧಿ, ಮನುಷ್ಯರ ಆತ್ಮೋದ್ಧಾರವೇ ಎಲ್ಲಕ್ಕಿಂತ ಮೇಲಿನ ನಿಯಮ ಎಂಬುದನ್ನು ನೆನಪಿಸಿಯೇ ನಿಲ್ಲುತ್ತದೆ.

ಮಲ್ಲಿಗೆಯ ಊರಿನ ಪಾಠ

ಕಾಪು ತಾಲೂಕಿನ ಶಂಕರಪುರದ ಸುತ್ತ ಮನೆಯಂಗಳಗಳಲ್ಲಿ ಮಲ್ಲಿಗೆ ಗಿಡಗಳಿವೆ. ಹಿಂದೂಗಳೂ ಕ್ರೈಸ್ತರೂ ಬೆಳೆಸುತ್ತಾರೆ. ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕ್ರೈಸ್ತ ಹೆಂಗಸು ಕಟ್ಟಿದ ಅಟ್ಟೆ ಕೃಷ್ಣ ಮಠಕ್ಕೆ ಹೋಗಬಹುದು, ಕಾಪುವಿನ ಮಾರಿಗುಡಿಗೆ ಹೋಗಬಹುದು, ನೇಮದ ದೈವಕ್ಕೋ ಮದುಮಗಳ ಜಡೆಗೋ ಏರಬಹುದು. ಹೂ ಯಾವ ದೇವರಿಗೆ ಎಂದು ಯಾರೂ ವಿಚಾರಣೆ ನಡೆಸುವುದಿಲ್ಲ. ಜ್ವರ ಬಂದು ಪಕ್ಕದ ಮನೆಯವರಿಗೆ ಏಳಲಾಗದಿದ್ದರೆ ಅವರ ಗಿಡದ ಮೊಗ್ಗನ್ನೂ ಕೊಯ್ದುಕೊಡುವುದು ನೆರೆಕರೆಯ ವಾಡಿಕೆ. ಬಿಸಿಲೇರಿದರೆ ಹೂ ಅರಳಿ ಬೆಲೆ ಹೋಗುತ್ತದೆ. ಪ್ರೀತಿಗೂ ಹೀಗೊಂದು ಹೊತ್ತು ಇದೆ. ಅದನ್ನು ಮೀರಿ ಬಂದ ಸಹಾನುಭೂತಿಯ ಮಾತಿನಿಂದ ಪ್ರಯೋಜನವಿಲ್ಲ.

ಇದೇ ಶಂಕರಪುರದಲ್ಲಿ 'ವಿಶ್ವಾಸದ ಮನೆ' ಇದೆ. ಬೀದಿಯಲ್ಲಿ ಅಲೆಯುವ ಮಾನಸಿಕ ಅಸ್ವಸ್ಥರಿಗೆ, ಮನೆಯವರಿಗೆ ಬೇಡವಾದವರಿಗೆ ಅದು ಆಶ್ರಯ. ಇಗರ್ಜಿಗಳಲ್ಲಿ ಸಂತ ವಿನ್ಸೆಂಟ್ ಪಾವ್ಲರ ಸಭೆ ಇರುತ್ತದೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜಾನಾಂ ಮತ್ತು ಗೆಳೆಯರು ಆರಂಭಿಸಿದ ಸಂಸ್ಥೆಯದು. ಸದಸ್ಯರು ಕಷ್ಟದಲ್ಲಿರುವವರ ಮನೆಗೆ ತಾವೇ ಹೋಗಬೇಕು ಎಂಬುದು ಅದರ ಮೂಲ ಕ್ರಮ. ದುಡ್ಡು ಕಳಿಸಿ ಕೈತೊಳೆದುಕೊಂಡರೆ ಆಗದು, ಮನೆಗೆ ಹೋಗಿ ಕೂತು ಮಾತಾಡಬೇಕು. ನೋಡಿ, ಇದೂ ನಿಯಮವೇ. ಪ್ರೀತಿ ದಾರಿ ತಪ್ಪಬಾರದು ಎಂದು ಮಾಡಿದ ನಿಯಮ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸೇವೆಯ ಹಿಂದೆ ಮತಾಂತರದ ಲೆಕ್ಕ ಇದೆ ಎಂಬ ಸಂಶಯ ನಮ್ಮೂರಲ್ಲಿ ಹಲವರಿಗಿದೆ. ಅದಕ್ಕೆ ಕೋಪದಿಂದ ಉತ್ತರಿಸುವ ಅಗತ್ಯವಿಲ್ಲ. ಸಮಾರ್ಯದವನು ಗಾಯಾಳುವಿಗೆ ಯಾವ ಷರತ್ತೂ ಹಾಕಲಿಲ್ಲ. ಕಥೆಯಲ್ಲಿ ಅವನು ತನ್ನ ದೇವರ ಸುದ್ದಿಯನ್ನೇ ಎತ್ತುವುದಿಲ್ಲ. ಅನ್ನದ ಬಟ್ಟಲು ತೋರಿಸಿ ಹೆಸರು ಬರೆಸಿಕೊಂಡರೆ ಅದು ವ್ಯಾಪಾರ. ಕ್ರೈಸ್ತರು ಅದನ್ನು ಪ್ರೀತಿ ಎಂದು ಕರೆಯಬಾರದು, ಕರೆಯುವವರನ್ನು ತಾವೇ ಮೊದಲು ತಡೆಯಬೇಕು.

ಹೊಸದಾಗಿ ಈ ದಾರಿಗೆ ಬಂದವರಿಗೆ, ಅಥವಾ ಪಕ್ಕದ ಮನೆಯ ಕ್ರೈಸ್ತರನ್ನು ಅರ್ಥಮಾಡಿಕೊಳ್ಳಲು ಹೊರಟವರಿಗೆ ಕೊನೆಯದಾಗಿ ಇಷ್ಟು. ಪ್ರಾರ್ಥನೆಗಳನ್ನು ಕಲಿಯಿರಿ, ಉಪವಾಸದ ದಿನಗಳನ್ನು ಗುರುತು ಹಾಕಿಕೊಳ್ಳಿ, ಭಾನುವಾರವನ್ನು ಬಿಡಬೇಡಿ. ಯಾವುದಾದರೂ ಕಟ್ಟಳೆ ಗೊಂದಲ ಹುಟ್ಟಿಸಿದಾಗ, ಇದರಿಂದ ಯಾರ ಹೊಟ್ಟೆ ತುಂಬಿತು, ಯಾರ ಕಣ್ಣೀರು ಒರೆಸಿತು, ಯಾರೊಡನೆ ಮುರಿದ ಮಾತು ಕೂಡಿತು ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕಿದರೆ ಕಟ್ಟಳೆಯನ್ನು ಮನಸಾರೆ ಪಾಲಿಸಿ. ಸಿಗದಿದ್ದರೆ ನಿಮ್ಮ ಧರ್ಮಗುರುಗಳ ಬಳಿಯೋ ಸಭಾಪಾಲಕರ ಬಳಿಯೋ ಹೋಗಿ ಅಂಜದೆ ಕೇಳಿ. ಈ ವಾರವೇ ಶುರು ಮಾಡಬೇಕು ಎನಿಸಿದರೆ, ನಿಮ್ಮ ವಾಡೊದಲ್ಲಿ, ಅಂದರೆ ಇಗರ್ಜಿಯ ವಾರ್ಡಿನಲ್ಲಿ, ಹಾಸಿಗೆ ಹಿಡಿದವರು ಯಾರಿದ್ದಾರೆ ಎಂದು ಅದರ ಮುಖಂಡರಾದ ಗುರ್ಕಾರರನ್ನು ವಿಚಾರಿಸಿ, ಅವರ ಮನೆಗೆ ಅರ್ಧ ಗಂಟೆ ಹೋಗಿ ಬನ್ನಿ. ಕ್ರೈಸ್ತ ಧರ್ಮದ ಮೊದಲ ಪಾಠ ಅಲ್ಲಿ ಸಿಗುತ್ತದೆ, ಉಳಿದದ್ದನ್ನು ತರಗತಿಯಲ್ಲಿ ಕಲಿಯಬಹುದು.